ಮುದ್ದೆ ನಿಂತ ವಾರ

ಅರಕಲಗೂಡಿನ ಬೀಗರೂಟದಲ್ಲಿ ಎಲೆ ಮುಂದಿನಿಂದ ಎದ್ದು ಬಂದೆನೆಂದು ನನ್ನ ತಂಗಿ ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಮಗನ ಮದುವೆಯ ಊಟ, ಹೊಸ ಬೀಗರ ಎದುರಿಗೆ ಮರ್ಯಾದೆ ಹೋಯಿತಂತೆ. "ರಿಟೈರಾದ್ರೂ ಇವಳ ಪೊಲೀಸ್ ಬುದ್ಧಿ ಹೋಗ್ಲಿಲ್ಲ" ಎಂದು ನೆಂಟರೆಲ್ಲ ಆಡಿಕೊಂಡರಂತೆ. ಆಡಿಕೊಳ್ಳಲಿ. ನಾನು ಸಾಲಗಾಮೆ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ಬಡಿಸಿದ ಎಲೆ ಬಿಟ್ಟು ಏಳುವುದು ಎಂಥ ಅಪಚಾರ ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೊತ್ತಿದ್ದೇ ಎದ್ದೆ. ಯಾಕೆ ಎಂದು ಕೇಳುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ, ಹೇಳುವ ತಾಳ್ಮೆ ನನಗೂ ಇರಲಿಲ್ಲ. ಇಲ್ಲಿ ಹೇಳುತ್ತೇನೆ.

ಅವತ್ತು ಊಟಕ್ಕೆ ಮುಂಚೆ ಛತ್ರದ ಹಿಂದುಗಡೆ ಹೋಗಿದ್ದೆ. ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಮುದ್ದೆ ಮಾಡುತ್ತಿದ್ದರು. ಒಬ್ಬ ಕವೆಗೋಲು ಕೊಟ್ಟು ಪಾತ್ರೆ ಅಲುಗದಂತೆ ಒತ್ತಿ ಹಿಡಿದಿದ್ದ, ಇನ್ನೊಬ್ಬ ಆಳೆತ್ತರದ ಕೋಲು ಹಾಕಿ ಹಿಟ್ಟು ತೊಳಸುತ್ತಿದ್ದ. ಕುದಿವ ನೀರಿಗೆ ಬಿದ್ದ ಹೊಸ ರಾಗಿ ಹಿಟ್ಟಿನ ವಾಸನೆ, ಜೊತೆಗೆ ತಳ ಹತ್ತಿದ ಸೀಕಲಿನ ವಾಸನೆ. ಬೇರೆಯವರಿಗೆ ಹಸಿವು ತರಿಸುವ ವಾಸನೆ ಅದು. ನನಗೆ ಆ ಕೋಲು ಕಂಡರೆ ಮೈ ಉರಿಯುತ್ತದೆ. ಕೆಲವು ವರ್ಷದ ಹಿಂದಿನ ಒಂದು ಅವರೆಕಾಯಿ ಕಾಲದಿಂದ ಹೀಗಾಗಿದೆ.

ಆಗ ನಾನು ಸಬ್ ಇನ್‌ಸ್ಪೆಕ್ಟರ್. ಕಾನ್‌ಸ್ಟೇಬಲ್ ಆಗಿ ಸೇರಿ, ಹಾಸನ, ಹೊಳೆನರಸೀಪುರ ಎಂದು ಜಿಲ್ಲೆಯೆಲ್ಲ ಸುತ್ತಿ, ಕೂದಲು ನರೆಯುವ ಹೊತ್ತಿಗೆ ಹೆಗಲಿಗೆ ನಕ್ಷತ್ರ ಬಂದಿತ್ತು. ನನ್ನ ಠಾಣೆಯ ಸರಹದ್ದಿನಲ್ಲಿ ಒಂದು ಜೈಲಿತ್ತು. ಯಾವ ಊರಿನದು ಎಂದು ಬರೆಯುವುದಿಲ್ಲ. ಬರೆದರೆ ಓದಿದವರೆಲ್ಲ ಆ ಊರಿನ ಕಡೆ ಬೆರಳು ತೋರಿಸಿ ನೆಮ್ಮದಿಯಾಗಿ ಮಲಗುತ್ತಾರೆ. ಮಾಗಿಯ ಚಳಿ ಹಿಡಿದಿತ್ತು. ಬೆಳಿಗ್ಗೆ ಮಂಜಿನಲ್ಲಿ ಎದುರಿನ ಬಸ್ಸು ಕಾಣುತ್ತಿರಲಿಲ್ಲ. ಜನ ಡಾಂಬರು ರಸ್ತೆಯ ಮೇಲೆ ರಾಗಿ ತೆನೆ ಹರವಿ, ಹೋಗಿಬರುವ ಲಾರಿಗಳ ಕೈಲೇ ಒಕ್ಕಣೆ ಮಾಡಿಸುತ್ತಿದ್ದರು. ಆ ತೆನೆಯ ಮೇಲೆ ಬೈಕು ಜಾರಿ ಬಿದ್ದವರ ಕೇಸೇ ನಮಗೆ ಆ ತಿಂಗಳು ಹೆಚ್ಚು.

ಒಂದು ಮಂಗಳವಾರ ಮುಸ್ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಜೈಲಿನಿಂದ ಒಬ್ಬ ವಿಚಾರಣಾ ಕೈದಿಯನ್ನು ತಂದಿದ್ದಾರೆ, ಬಲಗೈಯ ಮೊಣಕೈ ನುಚ್ಚುನೂರಾಗಿದೆ ಎಂದರು. ಹೆಸರು ನಂಜೇಶ. ನುಗ್ಗೇಹಳ್ಳಿ ಹತ್ತಿರದ ಹಳ್ಳಿಯವನು, ತೆಂಗಿನ ಮರ ಹತ್ತಿ ಕಾಯಿ ಕೀಳುವುದು ಕಸುಬು. ಯಾರದೋ ತೋಟದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಯಿತು, ಹಿಂದಿನ ವಾರ ಅದೇ ತೋಟದಲ್ಲಿ ಕಾಯಿ ಕಿತ್ತವನು ಇವನು, ಅಷ್ಟಕ್ಕೇ ಹಿಡಿದು ಒಳಗೆ ಹಾಕಿದ್ದರು. ಜಾಮೀನು ಸಿಕ್ಕಿತ್ತು. ಹೊಣೆ ಬರೆದುಕೊಡಲು ಜಮೀನಿರುವ ಒಬ್ಬ ಮನುಷ್ಯ ಸಿಗದೆ ಹಾಗೇ ಕೊಳೆಯುತ್ತಿದ್ದ.

ನಾನು ಹೋದಾಗ ಮಂಚದ ತಲೆಯ ಕಡೆ ಜೈಲಿನ ವಾರ್ಡರ್ ತಿಮ್ಮಯ್ಯ ಗೋಡೆಗೆ ಒರಗಿ ನಿಂತಿದ್ದ. ಏನಾಯಿತಪ್ಪ ಎಂದು ನಂಜೇಶನನ್ನು ಕೇಳಿದರೆ ಅವನು ತಿಮ್ಮಯ್ಯನ ಮುಖ ನೋಡಿದ.

"ಬಚ್ಚಲಲ್ಲಿ ಜಾರ್ಬುಟ್ಟೆ ಮೇಡಂ. ಪಾಚಿ ಕಟ್ಟಿತ್ತು."

"ಮರ ಹತ್ತೋನು ನೀನು. ಬಚ್ಚಲಲ್ಲಿ ಜಾರ್ದಾ?"

ತಿಮ್ಮಯ್ಯನೇ ಉತ್ತರ ಕೊಟ್ಟ, "ನೋವೈತೆ ಮೇಡಂ, ಮಾತಾಡ್ಸ್ಬೇಡಿ" ಎಂದು. ಎಂಥ ಕಾಳಜಿ ಎನ್ನುತ್ತೀರಿ.

ಮಾರನೆಯ ದಿನ ಜೈಲಿಗೆ ಹೋಗಿ ಬಚ್ಚಲು ನೋಡಿದೆ. ನಾನು ಬರುತ್ತೇನೆಂದು ಗೊತ್ತಿದ್ದ ಪುಣ್ಯಾತ್ಮರು ಬಕೆಟ್ಟುಗಟ್ಟಲೆ ನೀರು ಸುರಿದಿದ್ದರು. ಪಾಚಿಯನ್ನು ಮಾತ್ರ ಸುರಿಯಲು ಆಗಿರಲಿಲ್ಲ. ಕಲ್ಲು ಒರಟೊರಟಾಗಿ ಕಾಲಿಗೆ ಹತ್ತುತ್ತಿತ್ತು. ಗುರುವಾರ ಡಾಕ್ಟರಮ್ಮ ಹೇಳಿದಳು, "ಬಿದ್ದರೆ ಹೀಗೆ ಮುರಿಯಲ್ಲ. ಕೈಯನ್ನ ಗಟ್ಟಿ ಜಾಗದ ಮೇಲಿಟ್ಟು, ಮೇಲಿಂದ ದಪ್ಪನಾದ ಯಾವುದರಿಂದಲೋ ಹೊಡೆದಿದ್ದಾರೆ." ಅದನ್ನೇ ಬರೆದೂ ಕೊಟ್ಟಳು.

ಡಾಕ್ಟರು ಬರೆದ ಮೇಲೆ ಪಾಚಿಯ ಕಥೆ ನಡೆಯುವುದಿಲ್ಲವಲ್ಲ, ಅವತ್ತು ಸಂಜೆಯೇ ಜೈಲಿನಿಂದ ಎರಡನೆಯ ಕಥೆ ಬಂತು. ನಲ್ಲಿ ನೀರಿಗಾಗಿ ನಂಜೇಶನೇ ಇನ್ನೊಬ್ಬ ಕೈದಿಯ ಮೇಲೆ ಬಿದ್ದ, ಇಬ್ಬರೂ ಹೊಡೆದಾಡಿಕೊಂಡರು, ಇಬ್ಬರ ಮೇಲೂ ಕೇಸು ದಾಖಲಿಸಿ ಎಂದು. ಆ ಇನ್ನೊಬ್ಬನನ್ನು ನೋಡಿದೆ. ಕೆಮ್ಮಿ ಕೆಮ್ಮಿ ಎದೆಗೂಡು ಒಣಗಿದವನು. ಅವನ ಕೈಲಿ ಒಂದು ಚೊಂಬು ನೀರು ಎತ್ತಲು ಆಗುತ್ತಿರಲಿಲ್ಲ, ನಂಜೇಶನ ಕೈ ಮುರಿದನಂತೆ. ನಾಚಿಕೆ ಎಂಬುದು ಬೇಡವೇ ಇವರಿಗೆ?

ಶುಕ್ರವಾರ ಬೆಳಿಗ್ಗೆ ನಂಜೇಶನ ಹೆಂಡತಿ ಸವಿತಾ ಮೊದಲ ಬಸ್ಸಿಗೇ ಠಾಣೆಗೆ ಬಂದು ನಿಂತಿದ್ದಳು. ಸೆರಗಿನಲ್ಲಿ ಬಿಸಿ ನೀರಿನ ಫ್ಲಾಸ್ಕು ಸುತ್ತಿಕೊಂಡಿದ್ದಳು.

"ಸ್ವಾಮಾರ ನಮ್ಮ ಸೋದರಮಾವ ಜಾಮೀನಿಗೆ ರುಜು ಆಕಾಕೆ ಬತ್ತೀನಿ ಅಂದವ್ನೆ ಮೇಡಂ. ಎಷ್ಟ್ ಕಾಲ್ ಇಡಿದ್ ಒಪ್ಪಿಸಿದೀನಿ ಅಂತ ನಂಗೇ ಗೊತ್ತು. ಒಳಗೂ ಒಡೆದಾಡ್ಕಂಡ ಅಂತ ಇನ್ನೊಂದ್ ಕೇಸ್ ಬಿದ್ರೆ ಅವ್ನು ಈ ಕಡೀಕೆ ತಲೆ ಆಕಾಕಿಲ್ಲ. ಮತ್ತೆ ಅದೇ ಜೈಲಿಗೆ ಕಳಿಸ್ತೀರಾ ಮೇಡಂ ಇವ್ರುನ್ನ? ಮುರಿಯಾಕೆ ಇನ್ನೊಂದ್ ಕೈ ಐತಲ್ಲ."

ಅಷ್ಟೇ ವಿಷಯ. ಸೋಮವಾರದೊಳಗೆ ನಿಜ ಹೊರಗೆ ಬಂದರೆ ಅವನು ಮನೆಗೆ, ಬರದಿದ್ದರೆ ಹೊಡೆದವರ ಪಕ್ಕದಲ್ಲಿ ಮತ್ತೆ ಅದೇ ಚಾಪೆಗೆ. ನಾನು ಅವಳಿಗೆ ಏನೂ ಮಾತು ಕೊಡಲಿಲ್ಲ. ಹೆಡ್ ಕಾನ್‌ಸ್ಟೇಬಲ್ ರಂಗೇಗೌಡರನ್ನು ಕರೆದುಕೊಂಡು ನೇರ ಜೈಲಿಗೆ ಹೋದೆ.

ಹೇಳಿಕೆ ಬರೆಸಿಕೊಳ್ಳಲು ಕೂತರೆ ಎಲ್ಲರದೂ ಒಂದೇ ಹಾಡು. "ನಾನ್ ನೋಡ್ಲಿಲ್ಲ ಮೇಡಂ, ಉಣ್ತಾ ಕುಂತಿದ್ದೆ." ಜೈಲಿನಲ್ಲಿ ಸಂಜೆಯೂಟ ಬೆಳಕಿರುವಾಗಲೇ ಮುಗಿಯುತ್ತದೆ. ಸಾಲಾಗಿ ಕೂತು ಉಣ್ಣುತ್ತಿದ್ದ ಅಷ್ಟೂ ಜನರ ಕಣ್ಣೆದುರಿಗೆ ಒಬ್ಬನ ಕೈ ಮುರಿದಿದೆ, ಅಷ್ಟೂ ಜನ ತಟ್ಟೆ ನೋಡುತ್ತಿದ್ದರಂತೆ. ಅವರನ್ನು ಬೈಯಲು ಬಾಯಿ ಬರಲಿಲ್ಲ. ಹೇಳಿಕೆ ಕೊಟ್ಟು ಅವರು ಮಲಗಬೇಕಾದದ್ದು ಅದೇ ಬ್ಯಾರಕ್ಕಿನಲ್ಲಿ ಅಲ್ಲವೇ. ಅಲ್ಲಿ ರಾಜ್ಯಭಾರ ಯಾರದು ಎಂದು ನನಗೂ ಗೊತ್ತಿತ್ತು. ಜಮೀನಿನ ಜಗಳದಲ್ಲಿ ಕೊಲೆ ಮಾಡಿಸಿದ ಆರೋಪದ ಮೇಲೆ ಬಂದವನು, ಜೈಲಿನವರು ಕೈದಿಗಳು ಎಲ್ಲರ ಬಾಯಲ್ಲೂ ಅಣ್ಣಯ್ಯ. ಅವನಿಗೆ ದಪ್ಪ ಹಾಸಿಗೆ, ಕಾಲೊತ್ತಲು ಹುಡುಗರು. ಹೇಳಿಕೆ ಕೇಳಿದಾಗ "ನಮ್ಗ್ಯಾಕ್ ಮೇಡಂ ಬಡವರ ಜಗಳ" ಎಂದು ನಕ್ಕ.

ಅಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಅನ್ನ, ಸಾರು. ಮೂಲೆಯಲ್ಲೊಬ್ಬ ತಟ್ಟೆ ಕುಕ್ಕಿ ಗೊಣಗಿದ, "ಇವತ್ತೂ ಅನ್ನವೇ. ಒಟ್ಟೆಗೆ ಏನೂ ಬಿದ್ದಂಗೇ ಆಗಾಕಿಲ್ಲ." ನನಗೆ ಫಕ್ಕನೆ ಹೊಳೆಯಿತು. ಬುಧವಾರ ಬಂದಾಗಲೂ ಅನ್ನವೇ ಇತ್ತು. ನಮ್ಮ ಸೀಮೆಯ ಜೈಲು, ಹೊಸ ರಾಗಿಯ ಕಾಲ, ಸಾರಿಗೆ ಅವರೆಕಾಳು ಬಿದ್ದಿದೆ, ಮುದ್ದೆ ಇಲ್ಲ. ರಂಗೇಗೌಡರ ಮುಖ ನೋಡಿದೆ, ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಮುದ್ದೆ ಯಾಕಿಲ್ಲ ಸಾರ್?" ಎಂದು ಜೈಲಿನ ಸಾಹೇಬರನ್ನು ಕೇಳಿದೆ.

"ಹಿಟ್ಟು ಖಾಲಿಯಾಗಿದೆ."

ಉಗ್ರಾಣದ ಬಾಗಿಲು ತೆಗೆಸಿದರೆ ಹಿಟ್ಟಿನ ಮೂಟೆಗಳು ಒಂದರ ಮೇಲೊಂದು ಕೂತಿವೆ. ಸಾಹೇಬರು ಕನ್ನಡಕ ಒರೆಸಿಕೊಂಡರು. ಗ್ಯಾಸು ಉಳಿಸಲಿಕ್ಕೆ ಎಂದರು. ಮುದ್ದೆಗೂ ಅನ್ನಕ್ಕೂ ಉರಿಯುವುದು ಅದೇ ಗ್ಯಾಸು ತಾನೆ ಎಂದು ನಾನು ಅಡುಗೆಮನೆಗೆ ನುಗ್ಗಿದೆ. ಮುದ್ದೆ ಪಾತ್ರೆ ಬೋರಲು ಬಿದ್ದಿತ್ತು. ಕವೆಗೋಲು ಗೋಡೆಗೆ ಒರಗಿತ್ತು. ಅದರ ಜೋಡಿ ಕೋಲು ಇರಲಿಲ್ಲ.

"ಕೋಲೆಲ್ಲಿ?"

"ಯಾವ ಕೋಲು? ಇಷ್ಟೊಂದು ಸೌಟಿದೆಯಲ್ಲ" ಎಂದರು ಸಾಹೇಬರು. ಪಾಪ, ಚಪಾತಿ ತಿನ್ನುವ ಜನ. ಅಡುಗೆ ಕೆಲಸದ ಕೈದಿಗಳು ಮಾತ್ರ ತಂತಮ್ಮ ಕಾಲುಗುರು ನೋಡುತ್ತ ನಿಂತರು. ಅಷ್ಟು ಜನರ ಹಿಟ್ಟನ್ನು ಸೌಟಿನಲ್ಲಿ ತೊಳಸುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಅವರಿಗೆ ಗೊತ್ತಿತ್ತು. ಜೈಲೊಳಗೆ ಅಂಥ ಕೋಲು ಎಂದರೆ ಆಯುಧ. ಹೊಸದು ತರಬೇಕಾದರೆ ಗೇಟಿನಲ್ಲಿ ಕೇಳುತ್ತಾರೆ, ಹಳೆಯದು ಏನಾಯಿತು ಎಂದು. ಹೇಳಲು ಉತ್ತರವಿಲ್ಲದೆ ಮುದ್ದೆಯನ್ನೇ ನಿಲ್ಲಿಸಿಬಿಟ್ಟಿದ್ದರು.

ಮಂಗಳವಾರ ಸಂಜೆ ಒಳಗಿನ ಡ್ಯೂಟಿ ಯಾರದೆಂದು ವಿಚಾರಿಸಿದರೆ ತಿಮ್ಮಯ್ಯನದು. ಅವನ ಮನೆ ಜೈಲಿನ ಹಿಂದೆಯೇ, ವಾರ್ಡರುಗಳ ವಸತಿ ಸಾಲಿನಲ್ಲಿ. ಹೋದೆವು. ಅವನ ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು, ಕುಡಿಯಲು ನೀರು ತಂದುಕೊಟ್ಟಳು. ಹಿತ್ತಲ ಗೋಡೆಗೆ ಆಳೆತ್ತರದ ಕೋಲು ಒರಗಿಸಿತ್ತು, ಚೆನ್ನಾಗಿ ತೊಳೆದು ಬಿಸಿಲಿಗೆ ಇಟ್ಟಿದ್ದರು.

"ಇಷ್ಟುದ್ದದ ಕೋಲು. ಮನೇಲಿ ಬೀಗರೂಟ ಏನಾದ್ರೂ ಮಡಗಿದ್ದೀರೇನವ್ವ?" ಎಂದೆ.

ಅವಳು ನಕ್ಕಳು. "ಅಯ್ಯೋ ಇಲ್ಲ ಕಣಕ್ಕಾ. ಜೈಲಿಂದು. ಸೀಳು ಬುಟ್ಟೈತೆ ಅಂತ ನಮ್ಮನೆಯೋರು ಮಂಗ್ಳಾರ ತಂದ್ರು. ಸೌದೆಗಾದ್ರೂ ಆಯ್ತದಲ್ಲ ಅಂದ್ರೆ ಬ್ಯಾಡ ಅಂದ್ರು."

ಸುದ್ದಿ ಹೇಗೆ ಹೋಯಿತೋ, ತಿಮ್ಮಯ್ಯ ಏದುಸಿರು ಬಿಡುತ್ತ ಬಂದ. ಕೋಲನ್ನು ನೋಡಿದ, ನನ್ನನ್ನು ನೋಡಿದ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಕೋಲಿನ ತುದಿಯ ಸೀಳಿನೊಳಗೆ ಒಣಗಿದ ಹಿಟ್ಟು, ಹಿಟ್ಟಿನ ಮೇಲೆ ಕಂದು ಬಣ್ಣದ ಕಲೆ. ತೊಳೆದ ಕೈಗೆ ಅಷ್ಟು ಆಳಕ್ಕೆ ಎಟುಕಿರಲಿಲ್ಲ.

"ಸುಟ್ಟಾಕು ಅಂದಿದ್ರು ಮೇಡಂ" ಎಂದ. "ಒಲೆತಂಕ ತಕಂಡೋದೆ. ಅನ್ನದ ಕೋಲಲ್ವಾ ಇದು ಅನ್ನಿಸ್ಬುಡ್ತು. ಎಷ್ಟ್ ಜನುಕ್ಕೆ ಇಟ್ಟು ತೊಳ್ಸವ್ನೆ ನಂಜೇಸ ಅದ್ರಲ್ಲಿ. ಬೆಂಕೀಗ್ ಇಡಾಕೆ ಕೈ ಬರ್ಲಿಲ್ಲ."

ನನ್ನ ಜೀವಮಾನದಲ್ಲಿ ಕಳ್ಳರು ಕೊಲೆಗಡುಕರು ಎಷ್ಟೋ ಮಾತಾಡಿದ್ದನ್ನು ಕೇಳಿದ್ದೇನೆ, ಯಾವುದಕ್ಕೂ ಅಷ್ಟು ಸಿಟ್ಟು ಬಂದಿರಲಿಲ್ಲ. "ಕೋಲು ಸುಡಕ್ಕೆ ಕೈ ಬರ್ಲಿಲ್ಲ ನಿಂಗೆ" ಎಂದೆ. "ಆ ಕೋಲು ತಿರುವ್ತಿದ್ದ ಕೈನ ನಿನ್ ಕಣ್ಮುಂದೆ ಮುರೀತಿದ್ರಲ್ಲೋ, ಆಗ ಬಾಯಿಗೇನು ಬಡ್ದಿತ್ತು?" ಅವನ ಹೆಂಡತಿ ಅವರೆಕಾಯಿ ಮೊರ ಎತ್ತಿಕೊಂಡು ಒಳಗೆ ಹೋದಳು. ರಂಗೇಗೌಡರು ಸಾಕ್ಷಿಗೆ ಪಂಚರನ್ನು ಕರೆತಂದು ಕೋಲಿಗೆ ಬಟ್ಟೆ ಸುತ್ತಿ ಸೀಲು ಹಾಕಿಸಿದರು.

ಕೋಲು ಸಿಕ್ಕಿತು ಎಂದು ಗೊತ್ತಾದ ಮೇಲೆ ಬಾಯಿ ಬಿಟ್ಟವನು ಒಬ್ಬನೇ. ಮೊಸಳೆ ಎಂಬ ಊರಿನ ಕಡೆಯ ಬೋರಜ್ಜ, ಬದುವಿನ ಜಗಳದಲ್ಲಿ ಒಳಗೆ ಬಂದ ಮುದುಕ. ಅವನನ್ನು ಠಾಣೆಗೆ ಕರೆಸಿಕೊಳ್ಳಲು ಆಗುವುದಿಲ್ಲ, ಜೈಲಿನ ಅಂಗಳದಲ್ಲೇ ಬಿಸಿಲು ಕಾಯಿಸುತ್ತ ಕೂತು ಹೇಳಿದ.

ನಂಜೇಶ ಸುಮ್ಮನೆ ಕೂರಲಾರದ ಮನುಷ್ಯ, ತಾನಾಗಿ ಅಡುಗೆಮನೆಯ ಕೆಲಸ ವಹಿಸಿಕೊಂಡಿದ್ದನಂತೆ. ಹಿಟ್ಟು ತೊಳಸುವುದೂ ಅವನೇ, ಮುದ್ದೆ ಬಡಿಸುವುದೂ ಅವನೇ. ಊರಲ್ಲಿ ಪಂಕ್ತಿಗೆ ಬಡಿಸುವ ಹಾಗೆ ಸಾಲಿನ ತುದಿಯಿಂದ ಶುರು ಮಾಡಿ ಯಾರನ್ನೂ ಹಾರಿಸದೆ ಬಡಿಸುತ್ತ ಬರುತ್ತಿದ್ದ. ಅವತ್ತು ಸಾಲಿನ ತುದಿಯಲ್ಲಿ ಬೋರಜ್ಜ ಕೂತಿದ್ದ. ಅಣ್ಣಯ್ಯ ತಡವಾಗಿ ಬಂದು ನಡುವೆ ಕೂತು, ಅವರೆಕಾಳು ಸಾರಿನ ವಾಸನೆ ಚೆನ್ನಾಗಿದೆ, ಮೊದಲು ಇಲ್ಲಿ ಹಾಕು ಎಂದ.

"ಆ ನಂಜೇಸ ಏನಂದ ಗೊತ್ತೇನವ್ವ? 'ಸಾಲು ಬತ್ತಾ ಐತೆ ಅಣ್ಣಯ್ಯ, ನಿಮ್ತಂಕ ಬತ್ತೀನಿ' ಅಂದ. ಅಷ್ಟೇ ಕಣವ್ವ ಅವ್ನಾಡಿದ್ದು. ಎದುರಾಡ್ಲಿಲ್ಲ, ಬೈಲಿಲ್ಲ. ನನ್ ತಟ್ಟೆಗೆ ಮುದ್ದೆ ಇಕ್ದ. ಆಗ ಅಣ್ಣಯ್ಯ ಎದ್ದು ಬಂದು, ಯಾವ ಕೈಲಿ ಇಕ್ದೆ ಅಂದ. ಇಬ್ರು ಅದುಮಿ ಇಡ್ಕಂಡ್ರು, ಅಡಿಗೆ ಕಟ್ಟೆ ಮ್ಯಾಲೆ ಕೈ ಮಡಗ್ಸಿದ್ರು, ಅದೇ ಕೋಲಲ್ಲಿ ಅಣ್ಣಯ್ಯನೇ ಒಡ್ದ. ನನ್ ತಟ್ಟೆ ಮುದ್ದೆ ಅಂಗೇ ಆರೋಯ್ತು. ನನ್ ಎಸ್ರು ಬರ್ಕೋ. ನಂಗಿನ್ನೇನ್ ಮಾಡಾರು."

ಶನಿವಾರ ಮೇಲಿನಿಂದ ಫೋನು. "ಏನ್ರೀ ಅದು, ಕೋಲು ಗೀಲು ಅಂತ ಊರೆಲ್ಲಾ ಅಲೀತಿದೀರಂತೆ? ಇಬ್ಬರ ಮೇಲೂ ಹಾಕಿ ಮುಗಿಸ್ರೀ." ಹೊಡೆಸಿಕೊಂಡವನ ಮೇಲೆ ಯಾವ ಬಾಯಲ್ಲಿ ಕೇಸು ಹಾಕಲಿ ಸಾರ್, ಹಾಗೆ ಮಾಡಬೇಕೆಂದರೆ ಬರೆದು ಆರ್ಡರ್ ಕಳಿಸಿ ಎಂದೆ. ಅಂಥ ಆರ್ಡರುಗಳು ಯಾವತ್ತೂ ಬರವಣಿಗೆಯಲ್ಲಿ ಬರುವುದಿಲ್ಲ. ಅಣ್ಣಯ್ಯನ ಮೇಲೆ, ಹಿಡಿದುಕೊಂಡ ಇಬ್ಬರ ಮೇಲೆ, ಕೋಲು ಬಚ್ಚಿಟ್ಟ ತಿಮ್ಮಯ್ಯನ ಮೇಲೆ ಬರೆದೆ. ಸುಟ್ಟು ಹಾಕು ಎಂದವರ ಹೆಸರನ್ನು ತಿಮ್ಮಯ್ಯ ಎಷ್ಟು ಕೇಳಿದರೂ ಹೇಳಲಿಲ್ಲ. ನಂಜೇಶನ ಹೆಸರು ಗಾಯಾಳು ಎಂಬಲ್ಲಿ ಮಾತ್ರ ಇತ್ತು. ಸೋಮವಾರ ಸೋದರಮಾವ ಬಂದ, ಗೊಣಗಿಕೊಂಡೇ ರುಜು ಹಾಕಿದ. ಸವಿತಾ ಗಂಡನನ್ನು ಆಸ್ಪತ್ರೆಯಿಂದಲೇ ಬಸ್ಸು ಹತ್ತಿಸಿಕೊಂಡು ಹೋದಳು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಡೆದದ್ದು ಬೇರೆ. ಹೊಸ ರಾಗಿ ನೆಲದೊಳಗಿನ ಹಗೇವಿಗೆ ಇಳಿಯುವ ಮುಂಚೆ ನನ್ನನ್ನು ಚನ್ನರಾಯಪಟ್ಟಣಕ್ಕೆ ಎತ್ತಿ ಹಾಕಿದರು, ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತ ನಿಂತೆ. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಬೋರಜ್ಜ ಬದುಕಿರಲಿಲ್ಲ. ನಂಜೇಶ ನಿಜ ಹೇಳಿದರೂ, ಮೊದಲು ಬಚ್ಚಲಲ್ಲಿ ಜಾರಿದೆ ಎಂದಿದ್ದೆಯಲ್ಲ ಎಂದು ಅವನ ಮಾತನ್ನು ತಳ್ಳಿಹಾಕಿದರು. ಆ ಕೋಲು ತಾನು ಸಂತೆಯಲ್ಲಿ ಕೊಂಡದ್ದು ಎಂದು ತಿಮ್ಮಯ್ಯ ಕಟಕಟೆಯಲ್ಲಿ ದೇವರ ಮೇಲೆ ಆಣೆ ಮಾಡಿ ಹೇಳಿದ. ಕಲೆ ಯಾರದೆಂದು ಖಚಿತವಾಗಿ ಹೇಳಲಾಗದು ಎಂದು ಲ್ಯಾಬಿನವರು ಬರೆದರು. ಮಿಕ್ಕವರು ಎಂದಿನಂತೆ ತಟ್ಟೆ ನೋಡುತ್ತಿದ್ದರು. ಸಂಶಯದ ಲಾಭ ಎಂದು ಎಲ್ಲರನ್ನೂ ಬಿಟ್ಟರು. ಆ ಲಾಭ ಯಾವತ್ತೂ ನಂಜೇಶನಂಥವರ ಪಾಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಅವನ ಕೇಬಲ್ ಕೇಸು ಇನ್ನೂ ನಡೆಯುತ್ತಲೇ ಇದೆ.

ತಂಗಿಯ ಮಗನ ಲಗ್ನಪತ್ರಿಕೆ ಹಿಡಿದು ನುಗ್ಗೇಹಳ್ಳಿ ಕಡೆಗೂ ಹೋಗಿದ್ದೆ. ನಂಜೇಶ ಮರ ಹತ್ತುವುದು ಬಿಟ್ಟು, ಕೆಳಗೆ ಬಿದ್ದ ಕಾಯಿ ಆಯುವ ಕೆಲಸ ಮಾಡುತ್ತಾನೆ. ಬಲಗೈ ಮೊಣಕೈಯಲ್ಲಿ ಮಡಚುವುದೇ ಇಲ್ಲ, ಕೋಲಿನ ಹಾಗೆ ನೆಟ್ಟಗೆ ನಿಂತಿದೆ. ಇಬ್ಬರೂ ಬೀಗರೂಟಕ್ಕೆ ಬರಲೇಬೇಕು, ನನ್ನ ಪಕ್ಕದಲ್ಲೇ ಕೂರಬೇಕು ಎಂದು ಕರೆದೆ. ಅವನು ಪತ್ರಿಕೆಯನ್ನು ಎಡಗೈಯಲ್ಲಿ ಇಸಿದುಕೊಂಡು, ಹಾಗೆ ಇಸಿದುಕೊಂಡದ್ದಕ್ಕೆ ಸಂಕೋಚಪಟ್ಟ.

"ಬರಾಕಿಲ್ಲ ಮೇಡಂ, ತಪ್ಪ್ ತಿಳ್ಕಬೇಡಿ" ಎಂದ. "ಈ ಕೈ ಬಾಯಿಗ್ ಬರಾಕಿಲ್ಲ. ಎಡಗೈಲಿ ಉಣ್ಣೋನು ಪಂಕ್ತೀಲಿ ಕುಂತ್ರೆ ಅಕ್ಕಪಕ್ಕದೋರಿಗೆ ಉಣ್ಣಾಕಾಯ್ತದಾ? ನಾನು ಯಾರ್ ಮನೆ ಊಟುಕ್ಕೂ ಓಗಾಕಿಲ್ಲ."

ಸವಿತಾ ಒಳಗಿನಿಂದ ಕಾಫಿ ತಂದಿಟ್ಟಳು. ನಾನು ಕಾಫಿ ಕುಡಿದು ಎದ್ದು ಬಂದೆ.

ಆದರೂ ಅರಕಲಗೂಡಿನ ಛತ್ರದಲ್ಲಿ ನನ್ನ ಸಾಲಿನಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿಸಿಕೊಂಡಿದ್ದೆ. ಮನಸ್ಸು ಬದಲಾಯಿಸಿ ಬಂದರೆ ಇರಲಿ ಎಂದು. ಮುದ್ದೆ ಬಡಿಸುವವನು ಸಾಲಿನ ತುದಿಯಿಂದ ಹೊರಟು ನಾಲ್ಕೈದು ಎಲೆ ದಾಟಿರಬೇಕು, ಬಾಗಿಲ ಹತ್ತಿರ ಗದ್ದಲವಾಯಿತು. ಬಿಳಿ ಅಂಗಿಯ ಅಣ್ಣಯ್ಯ, ಹಿಂದೆ ಅವನ ಹುಡುಗರು. ಕೊಲೆ ಕೇಸಿನಿಂದಲೂ ಹೊರಬಂದು ಈಗ ಅವನು ದೊಡ್ಡ ಮುಖಂಡನಂತೆ, ಬೀಗರ ಕಡೆಯವರಿಗೆ ಬೇಕಾದವನಂತೆ. ನನ್ನ ತಂಗಿಯ ಗಂಡ ಓಡಿಹೋಗಿ ಕೈಹಿಡಿದು ಕರೆತಂದು, ಖಾಲಿ ಇದ್ದ ಆ ಎಲೆಯ ಮುಂದೆಯೇ ಕೂರಿಸಿದ. ಬಡಿಸುವವನನ್ನು ಕೂಗಿದ, "ಲೇ, ಅಣ್ಣಯ್ಯಂಗೆ ಮೊದ್ಲು ಇಕ್ಕು ಬಾರ್ಲಾ."

ಬಡಿಸುವವನು ಸಾಲು ಬಿಟ್ಟು ಓಡಿ ಬಂದ. "ಸಾಲು ಹಿಡಿದು ಬಾರಪ್ಪ" ಎಂದೆ. ನನ್ನ ಗಂಟಲು ಸ್ವಲ್ಪ ದೊಡ್ಡದು, ಇಡೀ ಪಂಕ್ತಿ ತಿರುಗಿ ನೋಡಿತು. ಅಣ್ಣಯ್ಯನೂ ನೋಡಿದ. ಗುರುತು ಸಿಕ್ಕಿತು ಅವನಿಗೆ, ನಕ್ಕ. "ಓ, ನಮ್ ಮೇಡಮ್ಮೋರು. ಲೇ, ಮೊದ್ಲು ಮೇಡಂಗೆ ಇಕ್ರೋ. ಮುದ್ದೆ ವಿಚಾರದಲ್ಲಿ ಬಲು ಕಟ್ಟುನಿಟ್ಟು ಅವ್ರು." ಸುತ್ತ ಇದ್ದವರು ನಕ್ಕರು. ಯಾಕೆ ನಗುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಎಲೆಗೆ ಬಿಸಿ ಮುದ್ದೆ ಬಿತ್ತು. ಆ ಕಡೆ ಒಂದಿಷ್ಟು ಎಲೆಗಳು ಖಾಲಿ, ಅವುಗಳ ಮುಂದೆ ಮುದುಕರು, ಮಕ್ಕಳು ಎಲ್ಲ ಸುಮ್ಮನೆ ಕೂತು ನೋಡುತ್ತಿದ್ದರು.

ಎಲೆ ಮಡಚಿ ಎದ್ದೆ. ತಂಗಿ ಬಾಗಿಲವರೆಗೂ ಹಿಂದೆಯೇ ಬಂದಳು.

"ಏನಕ್ಕಾ ಇದು, ಇನ್ನೂ ಸಾರೇ ಬುಟ್ಟಿಲ್ಲ, ಎದ್ಬುಟ್ಯಲ್ಲ. ಏನಾಯ್ತೀಗ?"

"ನಾನ್ ಕರ್ದಿದ್ದೋನು ಬರ್ಲಿಲ್ಲ ಕಣೆ" ಎಂದೆ. "ಅವನ್ ಕೈ ಮುರ್ದೋನು ಅವನ್ ಎಲೆ ಮುಂದೆ ಕುಂತವ್ನೆ."